ಆಟಕ್ಕುಂಟು, ಲೆಕ್ಕಕ್ಕಿಲ್ಲ

ಹೋದ ತಿಂಗಳು ಒಂದು ಭಾನುವಾರ ಅಮ್ಮ ಊರಿಂದ ಫೋನ್ ಮಾಡಿದ್ದಳು. ಕೊಬ್ಬರಿ ರೇಟು, ಎದುರುಮನೆಯ ಬಾಣಂತಿ, ನನ್ನ ಕೆಮ್ಮು, ಎಲ್ಲ ಮಾತಾಡಿ ಮುಗಿಸಿ ಇನ್ನೇನು ಇಡಬೇಕು, ಆಗ ಕೇಳಿದಳು: "ಅಲ್ಲ ಕಣೇ, ಆ ಹುಡುಗಿಗೆ ಕೊನೆಗೂ ತಮ್ಮ ಸಿಕ್ಕಿದ್ನಾ?" ಯಾವ ಹುಡುಗಿ, ಯಾರ ತಮ್ಮ, ನನಗೆ ತಕ್ಷಣ ಹೊಳೆಯಲಿಲ್ಲ. ನೆಂಟರಿಷ್ಟರಲ್ಲಿ ಯಾರಾದರೂ ಮನೆ ಬಿಟ್ಟು ಹೋಗಿದ್ದಾರೇನೋ ಅಂದುಕೊಂಡೆ. "ಅದೇ, ನೀನು ಕೈಯಲ್ಲಿ ಹಿಡ್ಕೊಂಡು ಆಡ್ತಿದ್ಯಲ್ಲ, ಕಂಬ ಹತ್ಕೊಂಡು ಗೋಡೆ ಮೇಲೆ ಓಡ್ತಿದ್ಲಲ್ಲ, ರಾಜಿ" ಅಂದಳು. ವಿಡಿಯೊ ಗೇಮಿನ ಹುಡುಗಿ. ಟೀವಿಯಲ್ಲಿ ಯಾವುದೋ ಕಾರ್ಯಕ್ರಮದಲ್ಲಿ ತೊಗಲುಗೊಂಬೆ ತೋರಿಸಿದರಂತೆ, ನೋಡ್ತಾ ನೋಡ್ತಾ ಇದು ನೆನಪಾಯಿತಂತೆ. "ಅದನ್ನ ಆಡೋದು ಬಿಟ್ಬಿಟ್ಟೆ ಅಮ್ಮ, ನೀನು ಊರಿಗೆ ಹೋದ ಮೇಲೆ ಮುಟ್ಟೇ ಇಲ್ಲ" ಅಂದೆ. ಆ ಕಡೆ ಒಂದು ಗಳಿಗೆ ಮಾತಿಲ್ಲ. "ನೀನು ಮುಗಿಸಿರ್ತೀಯ ಅಂದ್ಕೊಂಡು ಸುಮ್ನಿದ್ದೆ. ಹಂಗಾದ್ರೆ ಆ ಮಗು ಇನ್ನೂ ಅಲ್ಲೇ ಇದ್ಯಾ?"

ಆವತ್ತಿಂದ ಈ ಮಾತು ನನ್ನನ್ನು ಬಿಟ್ಟಿಲ್ಲ. ಐದು ವರ್ಷ ಅಮ್ಮ ಆ ಮಗುವನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದಾಳೆ. ದುಡ್ಡು ಕೊಟ್ಟು ಕೊಂಡವಳು ನಾನು, ಗುಂಡಿ ಒತ್ತಿದವಳು ನಾನು, ನಾಲ್ಕು ರಾತ್ರಿ ಆಡಿ ಐದನೆಯ ರಾತ್ರಿ ಬೇರೆ ಆಟಕ್ಕೆ ಹೋಗಿ ಅದನ್ನು ಮರೆತವಳೂ ನಾನೇ. ಅಮ್ಮ ಒಂದು ಸಲವೂ ಆ ಯಂತ್ರ ಮುಟ್ಟಿದವಳಲ್ಲ, ಪಕ್ಕದಲ್ಲಿ ಕೂತು ನೋಡಿದವಳು ಅಷ್ಟೇ. ಹಾಗಾದರೆ ಆ ಆಟ ಆಡಿದ್ದು ಯಾರು?

ಗೌರಿ ಹಬ್ಬದ ಹಿಂದೆ ಮುಂದೆ

2020ರಲ್ಲಿ ಅಮ್ಮ ಯುಗಾದಿಗೆ ಅಂತ ಬೆಂಗಳೂರಿಗೆ ಬಂದವಳು ಲಾಕ್‌ಡೌನ್‌ನಲ್ಲಿ ಸಿಕ್ಕಿಕೊಂಡು ದಸರಾ ಕಳೆಯುವವರೆಗೂ ನಮ್ಮ ಮನೆಯಲ್ಲೇ ಉಳಿದಳು. ಅದೇ ಆಗಸ್ಟ್ 18ಕ್ಕೆ, ಗೌರಿ ಹಬ್ಬಕ್ಕೆ ಇನ್ನು ಮೂರು ದಿನ ಇದೆ ಅನ್ನುವಾಗ, 'ರಾಜಿ: ಆ್ಯನ್ ಏನ್ಷಿಯಂಟ್ ಎಪಿಕ್' ನಿಂಟೆಂಡೊ ಸ್ವಿಚ್‌ಗೆ, ಅಂದರೆ ಜಪಾನಿನ ನಿಂಟೆಂಡೊ ಕಂಪನಿಯ ಕೈಯಲ್ಲಿ ಹಿಡಿದು ಆಡುವ ಯಂತ್ರಕ್ಕೆ, ಬಂತು. ಪುಣೆಯ ನೋಡಿಂಗ್ ಹೆಡ್ಸ್ ಗೇಮ್ಸ್ ಅನ್ನುವ ಚಿಕ್ಕ ತಂಡ ಮಾಡಿದ ಆಟ. 2017ರಲ್ಲಿ ಅವರು ಜನರಿಂದಲೇ ಹಣ ಕೂಡಿಸಲು ಹೋಗಿ ಅದು ಕೈಗೂಡಿರಲಿಲ್ಲ. ಆದರೂ ಬಿಡದೆ ಮಾಡಿ ಮುಗಿಸಿದ್ದರು. ಕಂಪ್ಯೂಟರಿಗೂ ಉಳಿದ ಆಟದ ಯಂತ್ರಗಳಿಗೂ ಬಂದಿದ್ದು ಅಕ್ಟೋಬರಿನಲ್ಲಿ, ಮೊದಲ ಎರಡು ತಿಂಗಳು ಸ್ವಿಚ್‌ನಲ್ಲಿ ಮಾತ್ರ. ನನ್ನ ಹತ್ತಿರ ಇದ್ದದ್ದು ಭಾವ ಅಮೆರಿಕದಿಂದ ಬರುವಾಗ ಸೂಟ್‌ಕೇಸಿನಲ್ಲಿ ಬಟ್ಟೆಗಳ ನಡುವೆ ಇಟ್ಟುಕೊಂಡು ತಂದುಕೊಟ್ಟ ಸ್ವಿಚ್. ಆವತ್ತು ಬೆಳಿಗ್ಗೆಯೇ ಇಳಿಸಿಕೊಂಡು ರಾತ್ರಿ ಊಟವಾದ ಮೇಲೆ ಅಡುಗೆಮನೆ ಕಟ್ಟೆಯ ಮೇಲೆ, ಹುಳಿಪುಡಿ ಡಬ್ಬಿಗೆ ಒರಗಿಸಿ ನಿಲ್ಲಿಸಿಕೊಂಡು ಶುರು ಮಾಡಿದೆ. ಅಮ್ಮ ಪಕ್ಕದಲ್ಲಿ ನಾಳೆಗೆ ದಂಟಿನ ಸೊಪ್ಪು ಬಿಡಿಸುತ್ತಿದ್ದಳು.

ಶುರುವಿನಲ್ಲೇ ಕಥೆ ಗೊಂಬೆಯಾಟದ ಹಾಗೆ ಮೂಡಿ ಬಂತು. ಪರದೆಯ ಹಿಂದೆ ದೀಪ, ಮುಂದೆ ನೆರಳಿನ ಕೈಕಾಲು. ಆಟ ಮಾಡಿದವರು ಬಾಲಿ ದ್ವೀಪದ ನೆರಳುಬೊಂಬೆಗಳನ್ನು ನೋಡಿಕೊಂಡು ಮಾಡಿದ್ದು ಅಂತ ನನಗೆ ಗೊತ್ತಿತ್ತು. ಅಮ್ಮ ಸೊಪ್ಪು ಹಿಡಿದ ಕೈ ಹಾಗೇ ನಿಲ್ಲಿಸಿ "ಅಯ್ಯೋ, ಇದು ತೊಗಲುಗೊಂಬೆ ಅಲ್ವೇನೇ!" ಅಂದಳು. ಅವಳ ಸಣ್ಣ ವಯಸ್ಸಿನಲ್ಲಿ ಸುಗ್ಗಿ ಮುಗಿದ ಮೇಲೆ ಕಿಳ್ಳೇಕ್ಯಾತರು ಊರಿಗೆ ಬಂದು ಪರದೆ ಕಟ್ಟುತ್ತಿದ್ದರಂತೆ, ಬೆಳಗಿನ ಜಾವದವರೆಗೂ ನೋಡಿ ಅಲ್ಲೇ ಅಜ್ಜಿಯ ಸೆರಗು ಹೊದ್ದು ಮಲಗುತ್ತಿದ್ದಳಂತೆ. ಆಮೇಲೆ ಸೊಪ್ಪಿನ ಕಡೆ ಅವಳ ಗಮನ ಇಲ್ಲ. ಆಟದ ಮಾತೆಲ್ಲ ಇಂಗ್ಲಿಷಿನಲ್ಲಿ. ದುರ್ಗೆಯೂ ವಿಷ್ಣುವೂ ಮೇಲೆ ನಿಂತು ಈ ಹುಡುಗಿಯ ಬಗ್ಗೆ ಮಾತಾಡಿಕೊಳ್ಳುತ್ತಾರೆ, ನಾನು ಅದನ್ನು ಆಡುತ್ತ ಆಡುತ್ತಲೇ ಕನ್ನಡದಲ್ಲಿ ಹೇಳಬೇಕು. ಸರ್ಕಸ್ಸಿನಲ್ಲಿ ಕಸರತ್ತು ಮಾಡುವ ಹುಡುಗಿ ರಾಜಿ. ರಾಕ್ಷಸರು ಬಂದು ಊರಿನ ಮಕ್ಕಳನ್ನೆಲ್ಲ ಹೊತ್ತುಕೊಂಡು ಹೋಗುತ್ತಾರೆ, ಅದರಲ್ಲಿ ಇವಳ ತಮ್ಮ ಗೋಲೂನೂ ಒಬ್ಬ. ದುರ್ಗೆ ಇವಳ ಕೈಗೆ ತ್ರಿಶೂಲ ಕೊಡುತ್ತಾಳೆ. "ದೇವರು ಖುದ್ದು ಹೋಗ್ಬಹುದಿತ್ತಲ್ಲ, ಇಷ್ಟು ಸಣ್ಣ ಹುಡುಗೀನ ಯಾಕೆ ಕಳಿಸ್ತಾರೆ?" ಅಮ್ಮನ ಮೊದಲ ಪ್ರಶ್ನೆ. ನಾನು ಆಗ ಎದುರಿಗೆ ಬಂದ ಮೂರು ರಾಕ್ಷಸರನ್ನು ನೋಡಿಕೊಳ್ಳಬೇಕಾಗಿತ್ತು, ಉತ್ತರ ಕೊಡಲಿಲ್ಲ. ಆ ಪ್ರಶ್ನೆ ನನಗೆ ತಾನಾಗಿ ಹೊಳೆದಿರಲೂ ಇಲ್ಲ.

ದಾರಿಯುದ್ದಕ್ಕೂ ಗೋಡೆಗಳ ಮೇಲೆ ಚಿತ್ರ ಬರೆದಿದ್ದಾರೆ, ನಿಂತು ನೋಡಿದರೆ ಪುರಾಣದ ಕಥೆ ಹೇಳುತ್ತದೆ. ಆಡುವವರು ಸಾಮಾನ್ಯವಾಗಿ ಅವನ್ನು ದಾಟಿ ಓಡುತ್ತಾರೆ. ಅಮ್ಮ ಓಡಲು ಬಿಡಲಿಲ್ಲ. "ನಿಲ್ಲು, ಅದೇನು ನೋಡೋಣ." ಅಲ್ಲಿ ಎರಡು ಸಾಲಿನಲ್ಲಿ ಹೇಳಿ ಮುಗಿಸಿದ್ದನ್ನು ಅವಳು ಹತ್ತು ನಿಮಿಷ ಹೇಳುತ್ತಿದ್ದಳು. ಎದುರಾಳಿಯ ಹೆಸರು ಮಹಾಬಲಾಸುರ ಅಂದಾಗ, "ಮಹಿಷಾಸುರ ಗೊತ್ತು, ನಮ್ಮ ಚಾಮುಂಡಿ ಬೆಟ್ಟದಲ್ಲೇ ಕತ್ತಿ ಹಿಡ್ಕೊಂಡು ನಿಂತವನೆ. ಇವನು ಯಾರ ಮಗ?" ಅಂತ ವಂಶಾವಳಿ ಕೇಳಿದಳು. ರಾಜಿ ಏಟು ತಿಂದು ಬಿದ್ದು ಸ್ವಲ್ಪ ಹಿಂದಿನ ಜಾಗದಲ್ಲಿ ಮತ್ತೆ ಎದ್ದು ನಿಂತಾಗ ಅಮ್ಮನಿಗೆ ಆಶ್ಚರ್ಯವೇ ಆಗಲಿಲ್ಲ. ತೊಗಲುಗೊಂಬೆಯಲ್ಲೂ ಸತ್ತ ಗೊಂಬೆಯನ್ನು ಕೆಳಗಿಟ್ಟು ಬೇಕಾದಾಗ ಮತ್ತೆ ಎತ್ತುತ್ತಾರಲ್ಲ ಅಂದಳು. ಹೀಗೆ ನಾಲ್ಕು ರಾತ್ರಿ ನಡೆಯಿತು. ಆಮೇಲೆ ಹಬ್ಬ, ಆಫೀಸಿನ ಗಡಿಬಿಡಿ, ಇನ್ನೊಂದು ಹೊಸ ಆಟ.

ಬ್ಯಾಟರಿ ಬೆಳಕಿನಲ್ಲಿ

ಅಮ್ಮನ ಫೋನ್ ಬಂದ ರಾತ್ರಿ ನನಗೆ ನೆನಪಾದದ್ದು ಸ್ವಿಚ್ ಅಲ್ಲ, ಸಿದ್ಧಗಂಗೆ ಜಾತ್ರೆ. ಶಿವರಾತ್ರಿ ಸಮಯದ ದನಗಳ ಜಾತ್ರೆ, ತುಮಕೂರು ಸೀಮೆಯ ಮಕ್ಕಳಿಗೆ ವರ್ಷದ ದೊಡ್ಡ ಬಜಾರು. ಚಿಕ್ಕಪ್ಪ ಎತ್ತು ನೋಡಲು ಹೋದವರು ಬರುವಾಗ ಒಂದು ಬ್ರಿಕ್ ಗೇಮ್ ತಂದಿದ್ದರು. ಮೇಲೆ '9999 ಇನ್ 1' ಅಂತ ಬರೆದಿದ್ದ, ಬೂದು ಬಣ್ಣದ, ಹಳದಿ ಗುಂಡಿಗಳ ಯಂತ್ರ, ಎರಡು ಪೆನ್ ಸೆಲ್ ಹಾಕಬೇಕು. ಒಳಗೆ ನಿಜಕ್ಕೂ ಇದ್ದದ್ದು ಕೈಬೆರಳಿನಲ್ಲಿ ಎಣಿಸುವಷ್ಟು ಆಟ. ನಮಗೆ ಒಂದೇ ಸಾಕಾಗಿತ್ತು, ಮೇಲಿಂದ ಬೀಳುವ ತುಂಡುಗಳನ್ನು ಸಾಲಾಗಿ ಜೋಡಿಸುವುದು. ಅದನ್ನು ಮಾಸ್ಕೋದ ಅಲೆಕ್ಸಿ ಪಾಜಿಟ್ನೊವ್ ಅನ್ನುವವರು 1984ರಲ್ಲಿ ಮಾಡಿದ್ದು, ಹೆಸರು ಟೆಟ್ರಿಸ್, 1989ರಲ್ಲಿ ನಿಂಟೆಂಡೊದ ಗೇಮ್ ಬಾಯ್ ಅನ್ನುವ ಅಂಗೈ ಯಂತ್ರದ ಜೊತೆಗೆ ಅಮೆರಿಕದ ಮನೆಮನೆಗೂ ಹೋಯಿತು ಅನ್ನುವುದೆಲ್ಲ ತಿಳಿದದ್ದು ಎಷ್ಟೋ ವರ್ಷದ ಮೇಲೆ.

ಆ ಯಂತ್ರದ ಪರದೆಗೆ ತನ್ನದೇ ಬೆಳಕು ಇರಲಿಲ್ಲ. ಗೇಮ್ ಬಾಯ್‌ಗೂ ಇರಲಿಲ್ಲ, 160 ಅಡ್ಡ 144 ಉದ್ದದ ಚುಕ್ಕಿಗಳು, ನಾಲ್ಕೇ ಛಾಯೆ. ಅದನ್ನು ರೂಪಿಸಿದವರಲ್ಲಿ ಮುಖ್ಯರಾದ ಗುನ್‌ಪೈ ಯೊಕೊಯಿ, ಹೊಸದಾಗಿ ಬಂದ ದುಬಾರಿ ತಂತ್ರಜ್ಞಾನದ ಹಿಂದೆ ಹೋಗಬೇಡಿ, ಹಳೆಯದಾಗಿ ಅಗ್ಗವಾದದ್ದನ್ನೇ ಹೊಸ ರೀತಿಯಲ್ಲಿ ಬಳಸಿ ಅನ್ನುತ್ತಿದ್ದವರು. ರೈಲಿನಲ್ಲಿ ಹೊತ್ತು ಹೋಗದೆ ಕ್ಯಾಲ್ಕುಲೇಟರ್ ಗುಂಡಿ ಒತ್ತುತ್ತ ಕೂತಿದ್ದ ಒಬ್ಬ ಪ್ರಯಾಣಿಕನನ್ನು ನೋಡಿ ಅವರಿಗೆ ಅಂಗೈ ಆಟದ ಯೋಚನೆ ಬಂತು, ಅದರಿಂದ 1980ರಲ್ಲಿ ಗೇಮ್ ಆ್ಯಂಡ್ ವಾಚ್ ಹುಟ್ಟಿತು ಅಂತ ಹೇಳುತ್ತಾರೆ. ಒಬ್ಬನೇ ಕೂತು ಆಡಲಿ ಅಂತಲೇ ಹುಟ್ಟಿದ ಸಾಧನ ಅದು. ನಮ್ಮೂರಿಗೆ ಬಂದಾಗ ಮಾತ್ರ ಅದು ಒಬ್ಬರ ಕೈಯಲ್ಲಿ ಉಳಿಯಲಿಲ್ಲ.

ಬೇಸಿಗೆ ರಜೆ, ಅಜ್ಜಿ ಮನೆಯ ಜಗಲಿ, ಕರೆಂಟ್ ಹೋಗಿದೆ. ಆರು ಜನ ಮಕ್ಕಳು, ಒಂದು ಬ್ರಿಕ್ ಗೇಮ್. ಒಬ್ಬರು ಆಡಬೇಕು, ಒಬ್ಬರು ಬ್ಯಾಟರಿ ಬಿಡಬೇಕು, ಅದೂ ಓರೆಯಾಗಿ, ನೇರ ಬಿಟ್ಟರೆ ಗಾಜು ಹೊಳೆದು ಏನೂ ಕಾಣುವುದಿಲ್ಲ. ಉಳಿದ ನಾಲ್ಕು ತಲೆ ಮೇಲೆ ಬಗ್ಗಿರುತ್ತವೆ. ಏಳು ಬಗೆಯ ತುಂಡುಗಳಿಗೂ ನಮ್ಮಲ್ಲಿ ಹೆಸರಿತ್ತು. ಉದ್ದದ್ದು ಕೋಲು. ಚೌಕದ್ದು ಬೆಲ್ಲದಚ್ಚು. ಮೂಲೆ ಮಡಚಿದ್ದು ಕುಡುಗೋಲು, ಅದರಲ್ಲಿ ಎಡಗೈಯದು ಬಲಗೈಯದು ಎರಡು. ಹಾವು ಎರಡು, ಮಧ್ಯೆ ಗುಬುಟು ಇದ್ದದ್ದು ಮೂಗು. "ಕುಡುಗೋಲು ತಿರುಗ್ಸು! ಹಾವು ಸಂದೀಲಿ ಬಿಡು! ಕೋಲಿಗೆ ಜಾಗ ಇಡೋ!" ಈ ಹೆಸರು ಯಾರು ಇಟ್ಟರು ಗೊತ್ತಿಲ್ಲ. ಆರು ಜನ ಒಂದೇ ಅಂಗೈಯಗಲದ ಪರದೆ ನೋಡುತ್ತಿರುವಾಗ, ಬೆರಳು ಮಾಡಿ ತೋರಿಸಲು ಜಾಗವಿಲ್ಲದಿರುವಾಗ, ಬಾಯಲ್ಲಿ ಹೇಳದೆ ಬೇರೆ ದಾರಿ ಇರಲಿಲ್ಲ. ಹೇಳಬೇಕಾದರೆ ಹೆಸರು ಬೇಕು, ಹಾಗೆ ಹುಟ್ಟಿದವು. ಆಟದ ಭಾಷೆ ಹೀಗೆಯೇ ಹುಟ್ಟುವುದು ಅಂತ ನನಗೆ ಈಗ ಗಟ್ಟಿಯಾಗಿ ಅನ್ನಿಸುತ್ತದೆ, ಚೌಕಾಬಾರದ ಕಾಯಿ ಹಣ್ಣಾಗುವುದು, ಕಡಿಯುವುದು, ಕಟ್ಟೆ ಹತ್ತುವುದು ಎಲ್ಲ ಹಿಂದೆ ಯಾರೋ ಜಗಲಿಯ ಮೇಲೆ ಸುತ್ತ ಕೂತು ಕಿರುಚಿದ ಮಾತುಗಳೇ.

ನಮ್ಮಲ್ಲಿ ಆರನೆಯವನು ಚಿಕ್ಕಪ್ಪನ ಮಗ, ನಾಲ್ಕು ವರ್ಷ. ಅವನಿಗೆ ಕೊಟ್ಟರೆ ಹತ್ತು ಸೆಕೆಂಡಿಗೆ ಆಟ ಮುಗಿಯುತ್ತದೆ, ಕೊಡದಿದ್ದರೆ ಅಳುತ್ತಾನೆ. ಅದಕ್ಕೆ ಅವನನ್ನು ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತ ಸೇರಿಸಿಕೊಂಡಿದ್ದೆವು. ಲಗೋರಿಯಲ್ಲಿ, ಐಸ್‌ಪೈಸಿನಲ್ಲಿ ಎಲ್ಲರ ಮನೆಯಲ್ಲೂ ಅಂಥ ಒಂದು ಮಗು ಇದ್ದೇ ಇರುತ್ತದಲ್ಲ, ಓಡುತ್ತದೆ, ಔಟಾಗುವುದಿಲ್ಲ, ಗೆಲ್ಲುವುದೂ ಇಲ್ಲ. ಅವನ ಸರದಿ ಬಂದಾಗ ಯಂತ್ರವನ್ನು ಆರಿಸಿ ಕೈಗೆ ಕೊಡುತ್ತಿದ್ದೆವು, ಅವನು ಖಾಲಿ ಪರದೆಯ ಮೇಲೆ ಗುಂಡಿ ಒತ್ತಿ ಖುಷಿಪಡುತ್ತಿದ್ದ. ಇದನ್ನು ಬರೆಯುವಾಗ ನನಗೆ ನೋವಾಗುತ್ತದೆ. ಯಾಕೆಂದರೆ ಪರದೆಯ ಬಲಗಡೆ ಮೂಲೆಯಲ್ಲಿ ಮುಂದೆ ಯಾವ ತುಂಡು ಬರುತ್ತದೆ ಅಂತ ಒಂದು ಸಣ್ಣ ಚೌಕದಲ್ಲಿ ತೋರಿಸುತ್ತಿತ್ತು. ಆಡುವವರು ಬೀಳುವ ತುಂಡು ನೋಡುತ್ತಿದ್ದೆವು, ಆ ಮೂಲೆ ನೋಡಲು ಪುರುಸೊತ್ತಿರಲಿಲ್ಲ. ನೋಡುತ್ತಿದ್ದವನು ಅವನೊಬ್ಬನೇ. "ಮುಂದೆ ಕೋಲು! ಮುಂದೆ ಕೋಲು!" ಅಂತ ಅವನು ಕೂಗುತ್ತಿದ್ದದ್ದರಿಂದಲೇ ನಾವು ಅಷ್ಟು ಹೊತ್ತು ಉಳಿಯುತ್ತಿದ್ದೆವು. ಅವನು ಅಜ್ಜಿಯ ಜೊತೆ ಮಲಗಲು ಹೋದ ರಾತ್ರಿಗಳಲ್ಲಿ ನಮ್ಮ ಅಂಕ ಅರ್ಧಕ್ಕೆ ಇಳಿಯುತ್ತಿತ್ತು, ಕಾರಣ ಯಾರಿಗೂ ಹೊಳೆಯಲಿಲ್ಲ.

ಯಾರ ಲೆಕ್ಕದಲ್ಲಿ

ಹೊಸ ಆಟಗಳ ಪ್ರಪಂಚದಲ್ಲಿ ನಾವೂ ಬಹುಮಟ್ಟಿಗೆ ಆ ಆರನೆಯ ಮಗುವಿನ ಜಾಗದಲ್ಲೇ ಇದ್ದೇವೆ. 2017ರ ಮಾರ್ಚ್ 3ಕ್ಕೆ ಸ್ವಿಚ್ ಬಂದಾಗ ಭಾರತದಲ್ಲಿ ಅದು ಅಧಿಕೃತವಾಗಿ ಬಿಡುಗಡೆ ಆಗಲಿಲ್ಲ. ಖಾತೆ ತೆರೆಯುವಾಗ ಬೇರೊಂದು ದೇಶದ ಹೆಸರು ಕೊಟ್ಟು ಅಲ್ಲಿಯ ಅಂಗಡಿಯಿಂದ ಡಾಲರಿನಲ್ಲೋ ಇನ್ನೊಂದರಲ್ಲೋ ಕೊಳ್ಳಬೇಕು. ಯಂತ್ರದ ಭಾಷೆಗಳ ಪಟ್ಟಿಯಲ್ಲಿ ಡಚ್ ಇದೆ, ಕೊರಿಯನ್ ಇದೆ, ನಮ್ಮ ದೇಶದ ಒಂದು ಭಾಷೆಯೂ ಇಲ್ಲ. ಹಾಗಿದ್ದೂ ದುರ್ಗೆ ವಿಷ್ಣು ಮಾತಾಡುವ ಪುಣೆಯ ಆಟ ಮೊದಲು ಕಾಲಿಟ್ಟದ್ದು ಆ ಯಂತ್ರದಲ್ಲೇ, ಅದನ್ನು ನಾನು ಬೇರೆ ದೇಶದವಳಾಗಿ ಕೊಂಡುಕೊಂಡು ನಮ್ಮಮ್ಮನಿಗೆ ತೋರಿಸಿದೆ. ಇದನ್ನು ನೆನೆದಾಗಲೆಲ್ಲ ನನಗೆ ರಾಜಿ ಮಾಡಿದವರ ಮೇಲೆ ಅಭಿಮಾನ ಇನ್ನಷ್ಟು ಹೆಚ್ಚಾಗುತ್ತದೆ.

ಲೆಕ್ಕಕ್ಕೆ ಸೇರಿಲ್ಲ ಅನ್ನುವುದಕ್ಕಿಂತ ನನ್ನನ್ನು ಕಾಡಿದ್ದು ಮಾತಿನ ವಿಷಯ. ಆಫೀಸಿನಲ್ಲಿ ನನ್ನ ಹಾಗೇ ಆಡುವ ನಾಲ್ಕೈದು ಜನ ಇದ್ದಾರೆ, ಇಬ್ಬರು ಕನ್ನಡದವರೇ, ಒಬ್ಬರ ಹತ್ತಿರ ಸ್ಟೀಮ್ ಡೆಕ್ ಅನ್ನುವ ಇನ್ನೊಂದು ಬಗೆಯ ಕೈಯಾಟದ ಯಂತ್ರ ಇದೆ. ಊಟದ ಹೊತ್ತಿಗೆ ಹೊಸ ಆಟದ ಚರ್ಚೆ ಶುರುವಾದ ಕೂಡಲೇ ನಮಗೆ ಗೊತ್ತಿಲ್ಲದೆಯೇ ಮಾತು ಇಂಗ್ಲಿಷಿಗೆ ಹೊರಳುತ್ತದೆ. ಹೊರಳಿದ ಮೇಲೆ ಅದು ಪರದೆ ಎಷ್ಟು ಇಂಚು, ಎಷ್ಟು ಫ್ರೇಮು, ಎಷ್ಟು ಗಂಟೆಯ ಆಟ, ಕೊಟ್ಟ ದುಡ್ಡಿಗೆ ಬಾಳುತ್ತದೋ ಇಲ್ಲವೋ ಅನ್ನುವಲ್ಲೇ ಸುತ್ತುತ್ತದೆ. ಇವು ಬೇಡದ ಮಾತುಗಳಲ್ಲ. ಆದರೆ ದೇವರೇ ಯಾಕೆ ಹೋಗಲಿಲ್ಲ ಅಂತ ಅಲ್ಲಿ ಯಾರೂ ಕೇಳುವುದಿಲ್ಲ. ಕೇಳಲು ಬಾರದು ಅಂತಲ್ಲ, ನಾವು ಓದಿ ನೋಡಿ ಕಲಿತ ಚರ್ಚೆಯ ಧಾಟಿಯಲ್ಲಿ ಆ ಪ್ರಶ್ನೆಗೆ ಜಾಗವೇ ಇಲ್ಲ.

ಕನ್ನಡದಲ್ಲಿ ಆಟದ ಮಾತು ಇಲ್ಲವೇ ಇಲ್ಲ ಅನ್ನುವುದೂ ಸುಳ್ಳು. ನಾವು ರಾಜಿ ಆಡಿ ಎರಡು ವಾರ ಕಳೆಯುವಷ್ಟರಲ್ಲಿ, 2020ರ ಸೆಪ್ಟೆಂಬರ್ 2ಕ್ಕೆ, ಪಬ್ಜಿ ನಿಷೇಧವಾಯಿತು. ಅದರ ಹಿಂದಿನ ದಿನದವರೆಗೂ ನಮ್ಮ ಬೀದಿಯ ಮೂಲೆಯ ಕಟ್ಟೆಯ ಮೇಲೆ ಹುಡುಗರು ಫೋನ್ ಹಿಡಿದು ಕೂತಿರುತ್ತಿದ್ದರು. "ಮಗಾ ಮನೆ ಮೇಲವ್ನೆ", "ಎಬ್ಬುಸ್ಲಾ ನನ್ನ, ಬಿದ್ದೋದೆ", "ಗಾಡಿ ತತ್ತಾ ಮಗಾ, ಗೆರೆ ಹತ್ರ ಬಂತು". ನೋಡಿ, ಬಿದ್ದವನನ್ನು ಬದುಕಿಸುವುದಕ್ಕೆ 'ಎಬ್ಬುಸು' ಅನ್ನುವುದಕ್ಕಿಂತ ಒಳ್ಳೆಯ ಪದ ಬೇಕೆ? ಆ ಹುಡುಗರಿಗೆ ಕಿವಿಯಲ್ಲಿ ಗೆಳೆಯನ ದನಿ ಇತ್ತು, ನಮಗೆ ಜಗಲಿಯ ಮೇಲೆ ಐದು ತಲೆ ಇತ್ತು. ಹೆಡ್‌ಫೋನ್ ಹಾಕಿಕೊಂಡು ರಾತ್ರಿ ಒಬ್ಬಳೇ ಆಡುವ ನನಗೆ ಮಾತು ಬರಲು ಯಾರೂ ಇರಲಿಲ್ಲ, ಅಷ್ಟೇ.

(ಒಂದು ಅಡ್ಡಮಾತು. ಸ್ವಿಚ್‌ನ ಆಟದ ಕಾರ್ಡ್ ಹೆಬ್ಬೆರಳ ಉಗುರಿಗಿಂತ ಸ್ವಲ್ಪ ದೊಡ್ಡದು. ಚಿಕ್ಕ ಮಕ್ಕಳು ನುಂಗಬಾರದು ಅಂತ ಅದಕ್ಕೆ ಡಿನಟೋನಿಯಂ ಬೆಂಜೊಯೇಟ್ ಅನ್ನುವ ಭಯಂಕರ ಕಹಿಯ ವಸ್ತು ಸವರಿರುತ್ತಾರೆ. ಆಗ ಎರಡು ವರ್ಷದವಳಾಗಿದ್ದ ನನ್ನ ಮಗಳು ಒಂದು ದಿನ ಅದನ್ನು ಬಾಯಿಗಿಟ್ಟು ಮನೆ ಹಾರಿಹೋಗುವ ಹಾಗೆ ಕಿರುಚಿದಳು. ಅಮ್ಮ ಓಡಿ ಬಂದು ಬಾಯಿ ತೊಳೆಸಿ ಸಕ್ಕರೆ ಹಾಕಿ, ವಿಷಯ ಕೇಳಿದ ಮೇಲೆ, "ಮೊಲೆ ಬಿಡಿಸೋಕೆ ಬೇವು ಅರೆದು ಹಚ್ತಿದ್ವಲ್ಲ, ಹಂಗೆ. ಇದನ್ನ ಮಾಡಿದೋರ ಮನೇಲೂ ಮಕ್ಕಳಿದ್ದಾರೆ" ಅಂದಳು. ಆ ಕಾರ್ಡುಗಳ ಮೇಲೆ ನನಗೆ ಆಗಿನಿಂದ ಒಂದು ಬಗೆಯ ಪ್ರೀತಿ. 2025ರಲ್ಲಿ ಬಂದ ಸ್ವಿಚ್ 2ರ ಕೆಲವು ಕಾರ್ಡುಗಳೊಳಗೆ ಆಟವೇ ಇರುವುದಿಲ್ಲ, ಇಳಿಸಿಕೊಳ್ಳಲು ಬೇಕಾದ ಕೀಲಿ ಮಾತ್ರ ಇರುತ್ತದೆ ಅಂತ ತಿಳಿದಾಗ ಮನಸ್ಸಿಗೆ ಪಿಚ್ಚೆನಿಸಿತು. ತೆಂಗಿನಕಾಯಿ ಒಡೆದಾಗ ನೀರೂ ಇಲ್ಲ ಕಾಯೂ ಇಲ್ಲ ಅಂದ ಹಾಗೆ.)

ಕುಳಿ ಮೇಲೆ ಕುಳಿ ಬರಬಾರದು

2023ರ ವರಮಹಾಲಕ್ಷ್ಮಿಗೆ ಅಮ್ಮ ಮತ್ತೆ ಬಂದಿದ್ದಳು. ಅದಕ್ಕೆ ಮೂರೂವರೆ ವಾರ ಮುಂಚೆ, ಜುಲೈ 31ಕ್ಕೆ, 'ವೆಣ್ಬಾ' ಅನ್ನುವ ಆಟ ಬಂದಿತ್ತು. ಟೊರಾಂಟೊದ ವಿಸೈ ಗೇಮ್ಸ್ ಮಾಡಿದ್ದು. ನಮ್ಮಲ್ಲಿ ಷಟ್ಪದಿ ಇದ್ದ ಹಾಗೆ ತಮಿಳಿನಲ್ಲಿ ವೆಣ್ಬಾ ಒಂದು ಛಂದಸ್ಸಿನ ಹೆಸರು, ಇಲ್ಲಿ ಅದು ಒಬ್ಬ ಹೆಂಗಸಿನ ಹೆಸರು. 1980ರ ದಶಕದಲ್ಲಿ ಕೆನಡಾಕ್ಕೆ ಹೋದ ತಮಿಳು ದಂಪತಿ, ಅಮ್ಮನಿಂದ ಬಂದ ಹರಿದ ಅಡುಗೆ ಪುಸ್ತಕ, ಅಲ್ಲಲ್ಲಿ ಮಸಿ ಕದಡಿ ಅಕ್ಷರ ಹೋಗಿದೆ. ಹೋದದ್ದನ್ನು ನಾವು ಊಹಿಸಿಕೊಂಡು ಅಡುಗೆ ಮಾಡಬೇಕು. ಒಂದೂವರೆ ಗಂಟೆಯಲ್ಲಿ ಮುಗಿಯುವ ಆಟ.

ಮೊದಲ ಅಡುಗೆ ಇಡ್ಲಿ. ಪಾತ್ರೆಗೆ ನೀರು, ತಟ್ಟೆಗೆ ಬಟ್ಟೆ, ಹಿಟ್ಟು, ಆಮೇಲೆ ತಟ್ಟೆ ಜೋಡಿಸುವುದು. ಜೋಡಿಸುವ ಭಾಗ ಪುಸ್ತಕದಲ್ಲಿ ಸರಿಯಾಗಿ ಕಾಣುವುದಿಲ್ಲ. ನಾನು ಒಂದರ ಮೇಲೊಂದು ನೇರ ಇಟ್ಟುಕೊಂಡು ಹೋಗುತ್ತಿದ್ದೆ. ಅಮ್ಮ ಕೂತಲ್ಲಿಂದ ಅರ್ಧ ಎದ್ದೇಬಿಟ್ಟಳು. "ಏ ಏ ಏ, ತಿರುಗ್ಸಿ ಇಡೇ. ಕುಳಿ ಮೇಲೆ ಕುಳಿ ಬರಬಾರದು. ಮೇಲ್ಗಡೆ ತಟ್ಟೆ ಒತ್ಕೊಂಡ್ರೆ ಹಬೆ ಹೋಗೋದು ಎಲ್ಲಿಂದ?" ಇಪ್ಪತ್ತು ವರ್ಷದಿಂದ ಇಡ್ಲಿ ಬೇಯಿಸುವ ನನ್ನ ಕೈಗೆ ಅದು ಗೊತ್ತಿತ್ತು, ನನ್ನ ಮನೆಯ ಸ್ಟ್ಯಾಂಡನ್ನು ನಾನು ತಪ್ಪಾಗಿ ಜೋಡಿಸಿದ್ದೇ ಇಲ್ಲ. ಆಟ ಅಂದ ಕೂಡಲೇ ಆ ತಿಳಿವಳಿಕೆ ಕೈಯಿಂದ ಹೊರಟುಹೋಗಿತ್ತು, ಯಾಕೆಂದರೆ ಅಡುಗೆಮನೆಯ ತಿಳಿವಳಿಕೆ ಆಟದಲ್ಲಿ ಉಪಯೋಗಕ್ಕೆ ಬರಬಹುದು ಅಂತ ಇಷ್ಟು ವರ್ಷದ ಆಟ ನನಗೆ ಕಲಿಸಿರಲಿಲ್ಲ. ಖಡ್ಗ, ಬಿಲ್ಲು, ಕಾರು, ಇವುಗಳಲ್ಲಿ ನನ್ನ ಕೈ ಪಳಗಿತ್ತು. ಪರದೆಯ ಮೇಲೆ ಮುಚ್ಚಳ ತೆಗೆದು ಹಬೆಯೆದ್ದಾಗ ಅಮ್ಮನ ಮುಖದಲ್ಲಿ ಮೂಡಿದ್ದು ಗೆದ್ದವರ ನಗು, ಬೇರೆ ಹೆಸರು ಅದಕ್ಕಿಲ್ಲ.

ಆ ಆಟದಲ್ಲಿ ಮಗ ಕವಿನ್ ಬೆಳೆಯುತ್ತ ಹೋದ ಹಾಗೆ ಅಮ್ಮನ ತಮಿಳಿಗೆ ಇಂಗ್ಲಿಷಿನಲ್ಲಿ ಉತ್ತರ ಕೊಡಲು ಶುರುಮಾಡುತ್ತಾನೆ. ಆ ಭಾಗ ಬಂದಾಗ ನಮ್ಮ ಅಮ್ಮ ಮಾತಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ನಿಮ್ಮಕ್ಕನ ಮನೇಲೂ ಹಿಂಗೇ" ಅಂದಳು.

ದಮ್ಮು ಮುಗೀತು

ಅಕ್ಕನ ಮಗ ಹುಟ್ಟಿದ್ದು ಬೆಳೆದದ್ದು ನ್ಯೂಜೆರ್ಸಿಯಲ್ಲಿ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ, ಬರುವುದಿಲ್ಲ ಅನ್ನುವುದಕ್ಕಿಂತ ನಾಚಿಕೆ. ಅದೇ 2023ರ ಮೇ 12ಕ್ಕೆ ನಿಂಟೆಂಡೊದ ಝೆಲ್ಡಾ ಸರಣಿಯ ಹೊಸ ಆಟ 'ಟಿಯರ್ಸ್ ಆಫ್ ದ ಕಿಂಗ್‌ಡಮ್' ಬಂದಾಗ ಅವನೂ ನಾನೂ ಒಂದೇ ದಿನ ಶುರುಮಾಡಿದೆವು. ಅವನು ಮಲಗುವಾಗ ನನಗೆ ಬೆಳಗು, ಹಾಗಾಗಿ ವಾಟ್ಸಾಪಿನಲ್ಲಿ ದನಿ ಕಳಿಸಿಕೊಳ್ಳುವುದು. ಅವನದು ಇಂಗ್ಲಿಷಿನಲ್ಲಿ ಬರುತ್ತಿತ್ತು, ನನ್ನದು ಕನ್ನಡದಲ್ಲಿ ಹೋಗುತ್ತಿತ್ತು. ಅದರಲ್ಲಿ ಬಂಡೆ ಹತ್ತುವಾಗ ಹಸಿರು ಬಣ್ಣದ ಒಂದು ಬಳೆ ಕರಗುತ್ತ ಹೋಗುತ್ತದೆ, ಪೂರ್ತಿ ಕರಗಿದರೆ ಕೈ ಬಿಟ್ಟು ಬೀಳುತ್ತೇವೆ. ನಾನು ಒಂದು ಬೆಳಿಗ್ಗೆ "ತುದಿಗೆ ಒಂದು ಮೊಳ ಇತ್ತು ಕಣೋ, ಅಷ್ಟರಲ್ಲಿ ದಮ್ಮು ಮುಗೀತು, ಬಿದ್ದೆ" ಅಂತ ಕಳಿಸಿದೆ. ಅವನಿಗೆ ಆ ಪದ ಹಿಡಿಸಿಬಿಟ್ಟಿತು. ಮರುದಿನ ಅವನ ದನಿ, ನಡುವೆ ನಗು, "ಚಿಕ್ಕಮ್ಮಾ, ನಂದೂ ದಮ್ಮು ಮುಗೀತು." ಹುಟ್ಟಿದ ಮೇಲೆ ಅವನು ನನಗೆ ತಾನಾಗಿ ಹೇಳಿದ ಮೊದಲ ಪೂರ್ತಿ ಕನ್ನಡ ವಾಕ್ಯ ಅದು. ಆ ದನಿಯನ್ನು ನಾನು ಇನ್ನೂ ಅಳಿಸಿಲ್ಲ.

ಆಮೇಲೆ ಪದಗಳು ಒಂದೊಂದಾಗಿ ಬಂದವು. ಒಗಟು ಬಿಡಿಸುವ ಕಟ್ಟಡಗಳು ಗುಡಿಗಳಾದವು. ಈ ಆಟದಲ್ಲಿ ಹಲಗೆ, ಚಕ್ರ, ಫ್ಯಾನು ಏನು ಸಿಕ್ಕರೂ ಅಂಟಿಸಿ ವಾಹನ ಕಟ್ಟಬಹುದು, ಅದಕ್ಕೆ ಅವನು "ಗಾಡಿ ಕಟ್ಟೋದು" ಅಂದ. ಗಾಡಿ ಕಟ್ಟುವುದು ಅಂದರೆ ನಮ್ಮ ಊರಲ್ಲಿ ಎತ್ತು ಹೂಡುವುದು ಅಂತ ಹೇಳಿದೆ, ಮಾರನೆಯ ದಿನ ಅವನು ಹಲಗೆಗೆ ಕುದುರೆ ಕಟ್ಟಿದ ಚಿತ್ರ ಕಳಿಸಿದ. ದೊಡ್ಡ ಹೊರೆ ಹೊತ್ತು ಅಂಗಾತ ಬಿದ್ದ ಕೊರೊಕ್ ಅನ್ನುವ ಎಲೆಮುಖದ ಪುಟಾಣಿಗಳು ಅಲ್ಲಲ್ಲಿ ಸಿಗುತ್ತವೆ, ಗೆಳೆಯನ ಹತ್ತಿರ ಬಿಡು ಅನ್ನುತ್ತವೆ. ಬಹಳ ಜನ ಅವುಗಳನ್ನು ರಾಕೆಟ್ಟಿಗೆ ಕಟ್ಟಿ ಹಾರಿಸಿ ಆಟ ನೋಡುತ್ತಿದ್ದರು. ಅವನು ಮಾತ್ರ ಎಲ್ಲವನ್ನೂ ಹೊತ್ತುಕೊಂಡು ನಡೆದೇ ಮುಟ್ಟಿಸುತ್ತಿದ್ದ. "ಪಾಪ, ಚಿಕ್ಕಮ್ಮಾ." ಈ 'ಪಾಪ' ಅವನಿಗೆ ನಮ್ಮಮ್ಮನಿಂದ ಬಂದದ್ದು. ಮಳೆಯಲ್ಲಿ ಬಂಡೆ ಹತ್ತಿದರೆ ಕಾಲು ಜಾರುತ್ತದೆ ಅನ್ನುವುದು ಈ ಆಟದ ಬಗ್ಗೆ ಆಡುವವರೆಲ್ಲರ ದೂರು. ಅಮ್ಮ ಅದನ್ನು ಕೇಳಿ, "ಮಳೇಲಿ ಪಾಚಿ ಕಟ್ಟಿರತ್ತೆ, ಬಂಡೆ ಹತ್ತಬಾರದು ಅಂತ ಗೊತ್ತಿಲ್ವಾ? ನಿಲ್ಲೋವರೆಗೂ ಎಲ್ಲಾದ್ರೂ ಕೂತ್ಕೋಬೇಕು" ಅಂದದ್ದನ್ನು ಅವನಿಗೆ ಕಳಿಸಿದೆ. ಅವನು ಆಮೇಲೆ ನಿಜವಾಗಿಯೂ ಬಂಡೆಯ ಕೆಳಗೆ ಸೌದೆ ಒಟ್ಟಿ ಬೆಂಕಿ ಹಾಕಿ ಮಳೆ ನಿಲ್ಲುವವರೆಗೂ ಕಾಯುತ್ತಿದ್ದನಂತೆ.

ಈಗ ಅವನ ಹತ್ತಿರ ಸ್ವಿಚ್ 2 ಇದೆ, ಅದರಲ್ಲಿ ಮಾತಿಗೆಂದೇ ಒಂದು ಗುಂಡಿ ಇಟ್ಟಿದ್ದಾರೆ, ಒತ್ತಿದರೆ ಹನ್ನೆರಡು ಜನರವರೆಗೆ ಮಾತಾಡುತ್ತ ಆಡಬಹುದು. ನನ್ನದು ಹಳೆಯದೇ, ಅಷ್ಟು ದುಡ್ಡು ಈಗ ಬೇಡ ಅನ್ನಿಸಿ ಸುಮ್ಮನಿದ್ದೇನೆ. ಜಗಲಿಯಲ್ಲಿ ತಲೆಗೆ ತಲೆ ತಾಗಿಸಿ ಕೂಗುತ್ತಿದ್ದದ್ದು ಮತ್ತೆ ಬೇಕು ಅಂತ ಆ ಯಂತ್ರ ಮಾಡಿದವರಿಗೂ ಅನ್ನಿಸಿದೆ ಅಂತ ತಿಳಿದು ಸಂತೋಷವಾಯಿತು.

ಹೋದ ಶನಿವಾರ ರಾತ್ರಿ ಸ್ವಿಚ್ ತೆಗೆದು ಧೂಳು ಒರೆಸಿ, ರಾಜಿಯನ್ನು ಮತ್ತೆ ಇಳಿಸಿಕೊಂಡೆ. ಹಳೆಯ ಗುರುತು ಅಳಿಸಿರಲಿಲ್ಲ. ಐದು ವರ್ಷದ ಹಿಂದೆ ನಾನು ಬಿಟ್ಟ ಜಾಗದಲ್ಲೇ, ಕೈಯಲ್ಲಿ ಆಯುಧ ಹಿಡಿದು, ಉಸಿರಿಗೆ ಭುಜ ಏರಿಳಿಸುತ್ತ ಅವಳು ನಿಂತಿದ್ದಳು. ಆಡಲಿಲ್ಲ. ಭಾನುವಾರ ಸಂಜೆ ಅಮ್ಮನಿಗೆ ವಿಡಿಯೊ ಕಾಲ್ ಮಾಡಿ, ಫೋನನ್ನು ಹುಳಿಪುಡಿ ಡಬ್ಬಿಗೆ ಒರಗಿಸಿ, ಅದರ ಎದುರಿಗೆ ಸ್ವಿಚ್ ಹಿಡಿದೆ. ಏಳು ವರ್ಷದ ಮಗಳು ನನ್ನ ಭುಜಕ್ಕೆ ಗಲ್ಲ ಊರಿ ನಿಂತಳು.

"ಕಾಣ್ತಿದ್ಯಾ ಅಮ್ಮ?"

"ಬೆಳಕು ಹೊಡೀತಿದೆ ಕಣೇ. ಸ್ವಲ್ಪ ಓರೆ ಮಾಡು. ಇನ್ನೂ. ಹಾಂ, ಅಲ್ಲೇ ಇರಲಿ. ಅಯ್ಯೋ, ಅವಳೇ! ಹಂಗೇ ಇದಾಳೆ." ಆಮೇಲೆ, "ತಡಿ, ತಡಿ, ಶುರು ಮಾಡ್ಬೇಡ. ಕನ್ನಡಕ ಒಳಗಿದೆ, ತರ್ತೀನಿ."

ಫೋನಿನಲ್ಲಿ ಈಗ ಊರಿನ ಮನೆಯ ಗೋಡೆ, ಕ್ಯಾಲೆಂಡರು, ದೂರದಲ್ಲಿ ಬೀರು ಬಾಗಿಲು ತೆಗೆಯುವ ಸದ್ದು. ರಾಜಿ ನಿಂತೇ ಇದ್ದಳು. ನಾನು ಬೆರಳು ಗುಂಡಿಯಿಂದ ತೆಗೆದು ಕಾದೆ.